ಒಂದೇ ಜಲಾನಯನ, ತಂಡದಲ್ಲಿ ಮೂರು ಗಡಿ: ಯಾವುದನ್ನು ಇಟ್ಟುಕೊಳ್ಳಬೇಕು?

ಹೊಸಹೊನಲು:

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಮೊದಲ ವರ್ಷದಲ್ಲಿದ್ದೇನೆ. ನಮ್ಮ ಪ್ರಾಜೆಕ್ಟ್ ಒಂದು ಮಧ್ಯಮ ಗಾತ್ರದ ಜಲಾನಯನದ ಮೇಲೆ. ತಂಡದಲ್ಲಿ ಮಳೆಯಿಂದ ನದಿಯ ಹರಿವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್ ನಡೆಸುವವರಿದ್ದಾರೆ, ಮಣ್ಣಿನವರಿದ್ದಾರೆ, ಉಪಗ್ರಹ ಚಿತ್ರದಿಂದ ಭೂಬಳಕೆ ನಕ್ಷೆ ಮಾಡುವವರಿದ್ದಾರೆ, ಜನರ ಜೊತೆ ಮಾತಾಡಿ ನೀರಿನ ಬಳಕೆ ದಾಖಲಿಸುವ ಸಮಾಜವಿಜ್ಞಾನಿ ಒಬ್ಬರಿದ್ದಾರೆ. ಎಲ್ಲರೂ ತಮ್ಮ ಕೆಲಸ ಚೆನ್ನಾಗಿ ಬಲ್ಲವರು.

ಎಲ್ಲರ ದತ್ತಾಂಶವನ್ನೂ ಒಂದು ಕಡೆ ಸೇರಿಸುವ ಕೆಲಸ ನನಗೆ ಬಂದಿದೆ. ಸೇರಿಸಲು ಕೂತರೆ ಜಲಾನಯನದ ಗಡಿಯೇ ಮೂರು ಥರ ಇದೆ. ಒಂದು ಎಸ್‌ಆರ್‌ಟಿಎಂ ಎತ್ತರದ ದತ್ತಾಂಶದಿಂದ ತೆಗೆದದ್ದು, ಇನ್ನೊಂದು ಕೋಪರ್ನಿಕಸ್ ಅನ್ನುವ ಎತ್ತರದ ದತ್ತಾಂಶದಿಂದ, ಮೂರನೆಯದು ಹಳೆಯ ಸ್ಥಳಾಕೃತಿ ನಕ್ಷೆ ನೋಡಿ ಕೈಯಲ್ಲಿ ಬರೆದದ್ದು. ಮೇಲಿನ ಗುಡ್ಡಗಳಲ್ಲಿ ಮೂರೂ ಹೊಂದುತ್ತವೆ, ಕೆಳಗಿನ ಸಮತಟ್ಟು ಜಾಗಕ್ಕೆ ಬಂದರೆ ಒಂದೊಂದೂ ಒಂದೊಂದು ದಿಕ್ಕು. ವಿಸ್ತೀರ್ಣದಲ್ಲಿ ಸುಮಾರು ಹತ್ತರಲ್ಲಿ ಒಂದು ಭಾಗದ ವ್ಯತ್ಯಾಸ ಬರುತ್ತಿದೆ. ಪ್ರತಿಯೊಬ್ಬರೂ ಆಗಲೇ ತಮ್ಮ ತಮ್ಮ ಗಡಿಯ ಮೇಲೆ ಲೆಕ್ಕ ಮುಗಿಸಿದ್ದಾರೆ. ಮಾಡೆಲ್‌ನವರು 'ನಮ್ಮದರಲ್ಲಿ ನ್ಯಾಶ್-ಸಟ್‌ಕ್ಲಿಫ್ (ಮಾಡೆಲ್ ಹರಿವು ಅಳೆದ ಹರಿವಿಗೆ ಎಷ್ಟು ಹೊಂದುತ್ತದೆ ಅನ್ನುವ ಅಂಕ) 0.7 ಬಂದಿದೆ, ಅದನ್ನೇ ಇಟ್ಟುಕೊಳ್ಳೋಣ' ಅನ್ನುತ್ತಾರೆ. ಅದು ಸರಿಯಾದ ಕಾರಣವೇ? ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು ನಾನು, ಇದನ್ನು ಯಾರ ಮುಂದೆ ಹೇಗೆ ಎತ್ತಬೇಕು ಅಂತಲೂ ತಿಳಿಯುತ್ತಿಲ್ಲ.

ಇಳಿಜಾರು:

ಮೊದಲು ಗಡಿ ಯಾಕೆ ಬೇರೆ ಆಗುತ್ತದೆ ಅನ್ನುವುದನ್ನು ನೋಡೋಣ, ಆಮೇಲೆ ಆಯ್ಕೆ ಸುಲಭ.

ಎಸ್‌ಆರ್‌ಟಿಎಂ ಅಂದರೆ 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಹಾರಾಡಿ ರೇಡಾರ್‌ನಿಂದ ಅಳೆದದ್ದು. ಕೋಪರ್ನಿಕಸ್‌ನ 30 ಮೀಟರ್ ದತ್ತಾಂಶಕ್ಕೆ ಮೂಲ ಟ್ಯಾನ್‌ಡೆಮ್-ಎಕ್ಸ್ ಉಪಗ್ರಹಗಳು 2011ರಿಂದ 2015ರವರೆಗೆ ಅಳೆದದ್ದು. ಎರಡರ ನಡುವೆ ಹತ್ತು ವರ್ಷಕ್ಕಿಂತ ಜಾಸ್ತಿ ಅಂತರ ಇದೆ. ಅಷ್ಟರಲ್ಲಿ ರಸ್ತೆ, ಕಾಲುವೆ, ಒಡ್ಡು ಏನು ಬೇಕಾದರೂ ಬಂದಿರಬಹುದು. ಇನ್ನೊಂದು ವಿಷಯ, ಎರಡೂ ಬರಿ ನೆಲವನ್ನು ತೋರಿಸುವುದಿಲ್ಲ. ಮರದ ತಲೆ, ಕಟ್ಟಡದ ಮೇಲ್ಛಾವಣಿಯ ಎತ್ತರವೂ ಅದರಲ್ಲಿ ಬೆರೆತಿರುತ್ತದೆ. ನದಿದಡದಲ್ಲಿ ಸಾಲು ಮರಗಳಿದ್ದರೆ ಕಂಪ್ಯೂಟರ್‌ಗೆ ಅಲ್ಲೊಂದು ಗೋಡೆ ಕಾಣಿಸುತ್ತದೆ. ಹಾಗೇ ಎಸ್‌ಆರ್‌ಟಿಎಂ ಎತ್ತರ ಇಜಿಎಂ96 ಆಧಾರದ್ದು, ಕೋಪರ್ನಿಕಸ್‌ದು ಇಜಿಎಂ2008. ಅಂದರೆ ಎತ್ತರ ಅಳೆಯಲು ಶುರು ಮಾಡುವ ಸೊನ್ನೆಯ ಮಟ್ಟವೇ ಬೇರೆ ಬೇರೆ. ಒಂದರಿಂದ ಒಂದನ್ನು ಸುಮ್ನೆ ಕಳೆದು ವ್ಯತ್ಯಾಸ ನೋಡಬೇಡಿ, ಮೊದಲು ಎರಡನ್ನೂ ಒಂದೇ ಆಧಾರಕ್ಕೆ ತನ್ನಿ.

ಮುಂದಿನ ಹಂತ ಹರಿವಿನ ದಿಕ್ಕು. ಹೆಚ್ಚಿನವರು ಬಳಸುವುದು ಡಿ8, 1984ರಷ್ಟು ಹಳೆಯ ವಿಧಾನ. ಎತ್ತರದ ನಕ್ಷೆಯ ಪ್ರತಿ ಸೆಲ್‌ನಿಂದ (ಒಂದೊಂದು ಚೌಕದಿಂದ) ಸುತ್ತಲಿನ 8 ಸೆಲ್‌ಗಳಲ್ಲಿ ಇಳಿಜಾರು ಎಲ್ಲಿ ಅತಿ ಕಡಿದಾಗಿದೆಯೋ ಅಲ್ಲಿಗೆ ಎಲ್ಲ ನೀರನ್ನೂ ಕಳಿಸುತ್ತದೆ. ಗುಡ್ಡದಲ್ಲಿ ತೊಂದರೆ ಇಲ್ಲ. ಸಮತಟ್ಟು ಜಾಗದಲ್ಲಿ ಪಕ್ಕಪಕ್ಕದ ಸೆಲ್‌ಗಳ ನಿಜವಾದ ಎತ್ತರದ ವ್ಯತ್ಯಾಸಕ್ಕಿಂತ ಅಳತೆಯ ದೋಷವೇ ದೊಡ್ಡದು. ಅದರ ಮೇಲೆ ಗುಂಡಿಗಳನ್ನೆಲ್ಲ ತುಂಬಿಸಿ ಚಪ್ಪಟೆ ಮಾಡಿದ ಮೇಲೆ ನೀರು ಯಾವ ಕಡೆ ಹೋಗಬೇಕು ಅನ್ನುವುದನ್ನು ನೆಲ ಹೇಳುವುದಿಲ್ಲ, ಸಾಫ್ಟ್‌ವೇರ್ ಹೇಳುತ್ತದೆ. ನಿಮ್ಮ ಮೂರು ಗಡಿ ಕೆಳಗೆ ಬಂದಾಗ ಬೇರೆಯಾಗುವುದು ಇದರಿಂದಲೇ ಅನಿಸುತ್ತದೆ. ಔಟ್‌ಲೆಟ್ ಬಿಂದುವನ್ನು, ಅಂದರೆ ಜಲಾನಯನದ ನೀರೆಲ್ಲ ಹೊರಹೋಗುವ ಜಾಗವನ್ನು, ಮೂವರೂ ಒಂದೇ ಸೆಲ್ ಮೇಲೆ ಇಟ್ಟಿದ್ದಾರಾ ಅದನ್ನೂ ನೋಡಿ. ಒಂದು ಸೆಲ್ ಆಚೆ ಇಟ್ಟರೆ ಒಂದಿಡೀ ಉಪನದಿ ಬಿಟ್ಟುಹೋಗಬಹುದು.

ಹಾಗಾಗಿ ಯಾರ ಗಡಿ ಸರಿ ಅಂತ ಕೇಳಬೇಡಿ. ಮೂರನ್ನೂ ಒಂದರ ಮೇಲೊಂದು ಹಾಕಿ, ಎಲ್ಲಿ ಬೇರೆಯಾಗುತ್ತವೋ ಆ ಜಾಗಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ. ಅಲ್ಲಿಗೆ ಹೋಗಿ ನೋಡಿ. ಮಳೆಗಾಲದಲ್ಲಿ ಹೋದರೆ ಇನ್ನೂ ಒಳ್ಳೆಯದು.

ಕೆಮ್ಮಣ್ಣು:

ಮೇಲಿನವರು ಹೇಳಿದ್ದು ಸರಿ. ಆದರೆ ನನಗೆ ಜಾಸ್ತಿ ಚಿಂತೆ ಆಗಿದ್ದು ಆ 0.7 ಬಗ್ಗೆ.

ನ್ಯಾಶ್-ಸಟ್‌ಕ್ಲಿಫ್ 1970ರಿಂದ ಬಳಕೆಯಲ್ಲಿರುವ ಅಳತೆ. 1 ಬಂದರೆ ಪೂರ್ತಿ ಹೊಂದಿಕೆ, 0 ಬಂದರೆ ಮಾಡೆಲ್ ಹೇಳಿದ್ದಕ್ಕೂ ಸರಾಸರಿ ಹರಿವನ್ನೇ ಪ್ರತಿ ದಿನ ಬರೆದಿಟ್ಟಿದ್ದಕ್ಕೂ ಫರಕಿಲ್ಲ. ತಿಂಗಳ ಹರಿವಿಗೆ 0.5ಕ್ಕಿಂತ ಮೇಲೆ ಬಂದರೆ ತೃಪ್ತಿಕರ ಅಂತ ಅನೇಕರು ಒಪ್ಪುತ್ತಾರೆ, 2007ರ ಮೊರಿಯಾಸಿ ಮತ್ತು ಸಂಗಡಿಗರ ಪ್ರಬಂಧದಿಂದ ಬಂದ ರೂಢಿ ಅದು. ಆದರೆ ಈ ಸಂಖ್ಯೆ ಗಡಿ ಸರಿ ಇದೆಯೋ ಇಲ್ಲವೋ ಹೇಳುವುದಿಲ್ಲ. ಯಾಕೆ ಅಂತ ಲೆಕ್ಕ ಹಾಕಿ ನೋಡಿ. ದಿನವಿಡೀ ಸೆಕೆಂಡಿಗೆ 1 ಘನ ಮೀಟರ್ ಹರಿದರೆ 86,400 ಘನ ಮೀಟರ್ ನೀರು. ವಿಸ್ತೀರ್ಣ 100 ಚದರ ಕಿಲೋಮೀಟರ್ ಆದರೆ ಅದು 0.864 ಮಿಲಿಮೀಟರ್ ಆಳ. 110 ಅಂದುಕೊಂಡರೆ ಸುಮಾರು 0.785. ನದಿಯಲ್ಲಿ ಅಳೆದ ನೀರು ಅಷ್ಟೇ ಇದೆ, ನೆಲ ಮಾತ್ರ ದೊಡ್ಡದಾಗಿದೆ. ಈಗ ಹರಿವು ಹೊಂದಬೇಕಾದರೆ ಮಾಡೆಲ್ ಏನು ಮಾಡಬೇಕು? ಪ್ರತಿ ಚದರ ಮೀಟರ್‌ನಿಂದ ಹರಿಯುವ ನೀರನ್ನು ಕಡಿಮೆ ಮಾಡಬೇಕು. ಕರ್ವ್ ನಂಬರ್ (ಮಳೆಯಲ್ಲಿ ಎಷ್ಟು ಹರಿದುಹೋಗುತ್ತದೆ ಅನ್ನುವ ಸಂಖ್ಯೆ) ಇಳಿಸುತ್ತದೆ, ಇಲ್ಲವೇ ಆವಿಯಾಗುವುದನ್ನು ಏರಿಸುತ್ತದೆ, ಇಲ್ಲವೇ ನೀರು ಆಳಕ್ಕೆ ಇಂಗಿಹೋಯಿತು ಅನ್ನುತ್ತದೆ. ಹರಿವಿನ ಗ್ರಾಫ್ ಚೆನ್ನಾಗಿಯೇ ಹೊಂದುತ್ತದೆ. ಆದರೆ ಮಣ್ಣಿನವರು ಬಿಸಿಲಲ್ಲಿ ಗುಂಡಿ ತೋಡಿ ಅಳೆದು ತಂದ ಇಂಗುವಿಕೆಯ ಸಂಖ್ಯೆಗೂ ಮಾಡೆಲ್‌ನೊಳಗಿನ ಸಂಖ್ಯೆಗೂ ಸಂಬಂಧವೇ ಉಳಿಯುವುದಿಲ್ಲ.

ಮಾಡೆಲ್‌ನೊಳಗಿನ ಇಂಥ ಸಂಖ್ಯೆಗಳ, ಅಂದರೆ ಪ್ಯಾರಾಮೀಟರ್‌ಗಳ, ಬೇರೆ ಬೇರೆ ಗುಂಪುಗಳು ಒಂದೇ ಥರದ ಒಳ್ಳೆಯ ಉತ್ತರ ಕೊಡಬಲ್ಲವು ಅಂತ ಜಲವಿಜ್ಞಾನಿ ಕೀತ್ ಬೆವೆನ್ ದಶಕಗಳಿಂದ ಬರೆಯುತ್ತಾ ಬಂದಿದ್ದಾರೆ. ಒಬ್ಬರೇ ಮಾಡೆಲ್ ಮಾಡುವಾಗ ಇದು ಅವರ ಸಮಸ್ಯೆ. ತಂಡದಲ್ಲಿ ಇದು ಎಲ್ಲರ ಸಮಸ್ಯೆ, ಯಾಕೆಂದರೆ ಒಬ್ಬರ ದೋಷವನ್ನು ಇನ್ನೊಬ್ಬರ ಸಂಖ್ಯೆ ನುಂಗಿಕೊಳ್ಳುತ್ತದೆ ಮತ್ತು ಅದು ಯಾರಿಗೂ ಕಾಣಿಸುವುದಿಲ್ಲ. ಸಭೆಯಲ್ಲಿ 'ಯಾವ ಗಡಿ' ಅಂತ ಎತ್ತುವ ಬದಲು ಅಳೆದ ಹರಿವಿಗೆ ಮಾಡೆಲ್ ಅನ್ನು ಹೊಂದಿಸುವುದಕ್ಕೆ ಮೊದಲಿನ ಮತ್ತು ನಂತರದ ಪ್ಯಾರಾಮೀಟರ್‌ಗಳನ್ನು ಎಲ್ಲರ ಮುಂದೆ ಇಡಲು ಕೇಳಿ. ಮಣ್ಣಿನವರು ನೋಡಿದ ಕೂಡಲೇ ಮಾತು ತಾನಾಗಿಯೇ ಶುರುವಾಗುತ್ತದೆ.

ತೋರುಗಲ್ಲು:

ಯಾರ ಮುಂದೆ ಹೇಗೆ ಎತ್ತಬೇಕು ಅನ್ನುವ ನಿಮ್ಮ ಪ್ರಶ್ನೆಯ ಎರಡನೇ ಭಾಗಕ್ಕೆ ಹೆಚ್ಚು ಉತ್ತರ ಬಂದಿಲ್ಲ. ನನಗೆ ಅದೇ ಮುಖ್ಯ ಅನಿಸುತ್ತದೆ.

ಈಶಾನ್ಯ ಜರ್ಮನಿಯಲ್ಲಿ ಚಿಕನ್ ಕ್ರೀಕ್ ಅಂತ 6 ಹೆಕ್ಟೇರಿನ ಜಲಾನಯನ ಇದೆ, ಮನುಷ್ಯರೇ ಕಟ್ಟಿದ್ದು. ಅಲ್ಲಿ ಗಡಿಯ ತಕರಾರು ದೊಡ್ಡದಲ್ಲ. 10 ಮಾಡೆಲರ್‌ಗಳಿಗೆ ಒಂದೇ ಮೂಲ ದತ್ತಾಂಶ ಕೊಟ್ಟು, ಅಳೆದ ಹರಿವನ್ನು ಮುಚ್ಚಿಟ್ಟು, ಹರಿವು ಎಷ್ಟು ಅಂತ ಅಂದಾಜು ಮಾಡಿಸಿದರು. 2009ರಲ್ಲಿ ಬಂದ ಮೊದಲ ಫಲಿತಾಂಶದಲ್ಲಿ ಉತ್ತರಗಳು ಒಂದಕ್ಕೊಂದು ತುಂಬಾ ದೂರ ಇದ್ದವು. ಎರಡನೇ ಹಂತದಲ್ಲಿ ಅವರನ್ನು ಜಾಗಕ್ಕೇ ಕರೆದುಕೊಂಡು ಹೋದರು, ತಮ್ಮ ಮೊದಲ ಅಂದಾಜಿನ ಬಗ್ಗೆ ಎಲ್ಲರೂ ಕೂತು ಮಾತಾಡಿದರು. ಮೂರನೇ ಹಂತದಲ್ಲಿ ಹೆಚ್ಚಿನ ದತ್ತಾಂಶ ಬೇಕಾದವರು ಲೆಕ್ಕಕ್ಕೆ ಅದರ ಬೆಲೆ ತೆತ್ತು ತೆಗೆದುಕೊಳ್ಳಬಹುದಿತ್ತು. ಕೊನೆಗೆ ಕಂಡದ್ದು ಏನೆಂದರೆ, ಮಾಡೆಲ್ ಎಷ್ಟು ಮುಖ್ಯವೋ ಜಾಗದ ಬಗ್ಗೆ ಮಾಡೆಲರ್‌ಗೆ ಇರುವ ತಿಳಿವಳಿಕೆಯೂ ಅಷ್ಟೇ ಮುಖ್ಯ. ಜಾಗ ನೋಡಿದ್ದು, ಬೇರೆ ಬೇರೆ ಅನುಭವದವರು ಒಟ್ಟಿಗೆ ಮಾತಾಡಿದ್ದು ಅಂದಾಜನ್ನು ಸುಧಾರಿಸಲು ನೆರವಾಯಿತು. ಈ ಅಧ್ಯಯನವನ್ನು ಪ್ರತಿ ತಂಡವೂ ಕೆಲಸ ಶುರು ಮಾಡುವ ಮೊದಲು ಓದಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನೊಂದು ಹಳೆಯ ಉದಾಹರಣೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬಾರ್ಡ್ ಬ್ರೂಕ್. 1963ರಲ್ಲಿ ಅಲ್ಲಿ ಸೇರಿದವರು ಸಸ್ಯ ಪರಿಸರದ ಬೋರ್ಮನ್, ನೀರಿನ ಪರಿಸರದ ಲೈಕನ್ಸ್, ಭೂವಿಜ್ಞಾನದ ಜಾನ್ಸನ್, ಅರಣ್ಯ ಸೇವೆಯಲ್ಲಿದ್ದ ಮಣ್ಣಿನ ತಜ್ಞ ಪಿಯರ್ಸ್. ನಾಲ್ಕು ವಿಷಯ, ಆದರೆ ಎಲ್ಲರ ಲೆಕ್ಕಕ್ಕೂ ಅವೇ ಸಣ್ಣ ಜಲಾನಯನಗಳು: ಒಳಗೆ ಬಂದದ್ದು ಎಷ್ಟು, ಹೊರಗೆ ಹೋದದ್ದು ಎಷ್ಟು. 1965ರ ಕೊನೆಗೆ ಒಂದು ಜಲಾನಯನದ ಮರಗಳನ್ನೆಲ್ಲ ಕಡಿದಾಗ ಹೊಳೆಯಲ್ಲಿ ನೈಟ್ರೇಟ್ ತೀರಾ ಏರಿತು, ಹರಿವೂ ಹೆಚ್ಚಿತು. ನೀರು ಅಳೆಯುವವರು ಒಂದು ಗಡಿ, ಮಣ್ಣು ಅಳೆಯುವವರು ಇನ್ನೊಂದು ಗಡಿ ಇಟ್ಟುಕೊಂಡಿದ್ದರೆ ಆ ಎರಡನ್ನೂ ಜೋಡಿಸಿ ಹೇಳಲು ಆಗುತ್ತಿತ್ತಾ?

ನಿಮ್ಮ ವಿಷಯಕ್ಕೆ ಬರುತ್ತೇನೆ. ಚಿಕ್ಕವಳು ಅಂತ ಹಿಂಜರಿಯಬೇಡಿ. ಎಲ್ಲರ ಫೈಲ್ ನೋಡಿರುವುದು ತಂಡದಲ್ಲಿ ನೀವೊಬ್ಬರೇ. ಒಂದು ಪುಟದ ನಿರ್ಧಾರಗಳ ದಾಖಲೆ ಶುರು ಮಾಡಿ. ಯಾವ ಎತ್ತರದ ದತ್ತಾಂಶ, ಯಾವ ಔಟ್‌ಲೆಟ್, ಯಾವ ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನ), ದಿನ ಅಂದರೆ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ. ಕೊನೆಯದು ಸಣ್ಣದು ಅನಿಸಬಹುದು, ಆದರೆ ಮಳೆಮಾಪಕದ ದಿನ ಅನೇಕ ಕಡೆ ಬೆಳಿಗ್ಗೆಯಿಂದ ಬೆಳಿಗ್ಗೆಗೆ, ಉಪಗ್ರಹದ ಮಳೆಯ ದಿನ ಸಾಮಾನ್ಯವಾಗಿ ಯುಟಿಸಿ (ಅಂತರರಾಷ್ಟ್ರೀಯ ಪ್ರಮಾಣ ಸಮಯ) ಮಧ್ಯರಾತ್ರಿಯಿಂದ. ಇದು ಹೊಂದದಿದ್ದರೆ ಮಳೆ ಒಂದು ದಿನ, ಪ್ರವಾಹ ಇನ್ನೊಂದು ದಿನ ಕಾಣಿಸುತ್ತದೆ.

ಹೊಸಹೊನಲು:

ತುಂಬಾ ಧನ್ಯವಾದ. ಪ್ಯಾರಾಮೀಟರ್ ಪಟ್ಟಿ ಕೇಳುವ ಉಪಾಯ ಮೊದಲು ಮಾಡುತ್ತೇನೆ. ಇನ್ನೊಂದು ಸಂದೇಹ. ನಮ್ಮ ಸಮಾಜವಿಜ್ಞಾನಿ ಜಾಗದ ಭೇಟಿಗೆ ಬರಬೇಕಾ? ಅವರ ಕೆಲಸ ಫಲಿತಾಂಶ ಬಂದ ಮೇಲೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ.

ಒಳಹರಿವು:

ನಾನು ಅದೇ ಕ್ಷೇತ್ರದವಳು, ಹಾಗಾಗಿ ನೇರವಾಗಿ ಹೇಳುತ್ತೇನೆ: ಅವರು ಬರಲೇಬೇಕು, ಅದೂ ಮೊದಲ ಭೇಟಿಗೇ.

ಗಡಿ ಬೇರೆಯಾಗುವ ಆ ಸಮತಟ್ಟು ಜಾಗದಲ್ಲಿ ಜೋರು ಮಳೆ ಬಂದಾಗ ನೀರು ಯಾವ ಕಡೆ ತಿರುಗುತ್ತದೆ ಅನ್ನುವುದು ಅಲ್ಲಿ ಬದುಕುವವರಿಗೆ ಗೊತ್ತಿರುತ್ತದೆ. ಯಾವ ಮೋರಿ ಕಟ್ಟಿಕೊಳ್ಳುತ್ತದೆ, ಯಾರು ಎಲ್ಲಿ ಪಂಪ್ ಇಟ್ಟಿದ್ದಾರೆ, ಯಾವ ಕಾಲುವೆ ಪಕ್ಕದ ಜಲಾನಯನದಿಂದ ನೀರು ತರುತ್ತದೆ, ಇವು 30 ಮೀಟರ್ ಸೆಲ್‌ನಲ್ಲಿ ಕಾಣುವುದಿಲ್ಲ. ಅವರ ದತ್ತಾಂಶಕ್ಕೂ ಗಡಿ ಬೇಕು. ಜನಸಂಖ್ಯೆ, ಬೆಳೆ, ಬಳಕೆಯ ಅಂಕಿ ಎಲ್ಲ ಬರುವುದು ಆಡಳಿತದ ಗಡಿಯಲ್ಲಿ. ಅದನ್ನು ಜಲಾನಯನಕ್ಕೆ ಹಂಚುವಾಗ ಮಾಡುವ ಊಹೆಗಳು ಮಾಡೆಲ್‌ನ ಊಹೆಗಳಿಗಿಂತ ಸಣ್ಣವಲ್ಲ. ಅಂತರ್ಜಲದ ಗಡಿಯಂತೂ ಮೇಲಿನ ಗಡಿಗೆ ಹೊಂದಲೇಬೇಕು ಅಂತಿಲ್ಲ.

ಪ್ರಬಂಧದಲ್ಲಿ ಯಾರ ಹೆಸರು ಎಲ್ಲಿ ಅನ್ನುವುದನ್ನೂ ಈಗಲೇ ಮಾತಾಡಿಕೊಳ್ಳಿ. ಪ್ರಬಂಧಕ್ಕೆ ಯಾರು ಏನು ಮಾಡಿದರು ಅಂತ ದಾಖಲಿಸುವ ಕ್ರೆಡಿಟ್ ಅನ್ನುವ ಪದ್ಧತಿಯಲ್ಲಿ 14 ಬಗೆಯ ಪಾತ್ರಗಳಿವೆ. ದತ್ತಾಂಶವನ್ನು ಒಪ್ಪ ಮಾಡಿ ಕಾಪಾಡುವುದೂ ಅದರಲ್ಲಿ ಒಂದು. ನೀವು ಈಗ ಮಾಡುತ್ತಿರುವುದು ಅದನ್ನೇ, ಅದಕ್ಕೆ ನಿಮ್ಮ ಹೆಸರು ಬರಬೇಕು.

ಇಳಿಜಾರು:

ಭೇಟಿಗೆ ಹೋಗುವ ಮೊದಲು ಒಂದು ಕೆಲಸ. ಮೂರು ಗಡಿಗಳ ವಿಸ್ತೀರ್ಣವನ್ನೂ ವಿಸ್ತೀರ್ಣವನ್ನು ಬದಲಿಸದ ಒಂದೇ ಸಮಕ್ಷೇತ್ರ ಪ್ರೊಜೆಕ್ಷನ್‌ನಲ್ಲಿ ಮತ್ತೆ ಲೆಕ್ಕ ಹಾಕಿ. ಯಾರಾದರೂ ಅಕ್ಷಾಂಶ-ರೇಖಾಂಶದ ಡಿಗ್ರಿಯಲ್ಲೇ ಅಳೆದಿದ್ದರೆ ಆ ವ್ಯತ್ಯಾಸದಲ್ಲಿ ಸ್ವಲ್ಪ ಅಲ್ಲಿಯೇ ಹೋಗುತ್ತದೆ. ಉಳಿದದ್ದಕ್ಕೆ ಮಾತ್ರ ಬೂಟು ಹಾಕಿಕೊಂಡು ಹೊರಡಿ.