ರೂಟ್ ಅಂದ್ರೆ ‘ಮೂಲ’ನಾ ‘ಪರಿಹಾರ’ನಾ ‘ತಾಳೆ’ನಾ? ಜೊತೆಗೆ ‘ಏಕವಚನ ಮಾತೃಕೆ’ ಅನ್ನೋ ಅವಾಂತರ

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಿಂದ ಬರೀತಿದೀನಿ. ಇಲ್ಲೊಂದು ಡಿಗ್ರಿ ಕಾಲೇಜಲ್ಲಿ ಸ್ಟ್ಯಾಟಿಸ್ಟಿಕ್ಸ್ ಹೇಳ್ಕೊಡ್ತೀನಿ, ವಾರಕ್ಕೆ ಎರಡು ದಿನ ಆರ್ ಲ್ಯಾಬ್ ಇರುತ್ತೆ. (ಆರ್ ಅನ್ನೋದು ಪ್ರೋಗ್ರಾಮಿಂಗ್ ಭಾಷೆ, ನ್ಯೂಜಿಲೆಂಡಿನ ಆಕ್ಲೆಂಡ್ ಯೂನಿವರ್ಸಿಟಿಯಲ್ಲಿ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ಇಬ್ಬರೂ ಸೇರಿ ಶುರು ಮಾಡಿದ್ದು, 2000ದಲ್ಲಿ ಅದರ 1.0 ಆವೃತ್ತಿ ಬಂತು. ಮೊದಲನೇ ವಾರ ಒಬ್ಬ ಹುಡುಗ "ಸಾರ್, ಆರ್ ಲ್ಯಾಬ್ ಬೆಳಿಗ್ಗೆ ಆರಕ್ಕಾ ಸಂಜೆ ಆರಕ್ಕಾ" ಅಂತ ಕೇಳಿದ್ದ, ಅವನ ತಪ್ಪೇನಿಲ್ಲ ಬಿಡಿ.) ಹುಡುಗ್ರು ಬಹಳ ಜನ ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯೋರು, ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಲೆಕ್ಕ ಬರುತ್ತೆ, ಆದ್ರೆ ಕೆಂಪು ಅಕ್ಷರದಲ್ಲಿ ಎರರ್ ಬಂದ ತಕ್ಷಣ ಕೈ ಮೇಲಕ್ಕೆತ್ತಿ ಕೂತ್ಕೋತಾರೆ, ಅದಕ್ಕೆ ಕನ್ನಡದಲ್ಲಿ ಒಂದು ನಾಲ್ಕು ಪುಟದ ನೋಟ್ಸ್ ಮಾಡೋಣ ಅಂತ ಕೂತೆ, ಎರಡು ಪದದ ಹತ್ರ ಗಾಡಿ ನಿಂತೋಗಿದೆ.

ಮೊದಲನೇದು ರೂಟ್. ಯಾವ ಬೆಲೆ ಹಾಕಿದ್ರೆ ಸಮೀಕರಣದ ಎರಡೂ ಕಡೆ ಸರಿಹೋಗುತ್ತೋ ಆ ಬೆಲೆ. ಸ್ಕೂಲ್ ಪುಸ್ತಕದಲ್ಲಿ ವರ್ಗ ಸಮೀಕರಣದ ‘ಮೂಲಗಳು’ ಅಂತಾರೆ, ಬಹುಪದೋಕ್ತಿ ಬಂದಾಗ ಅದನ್ನೇ ‘ಶೂನ್ಯತೆ’ ಅಂತಾರೆ. ‘ಮೂಲ’ ಹಳೇ ಪದ, ಗೌರವದ ಪದ, ಆರ್ಯಭಟನ ಕಾಲದಿಂದ ವರ್ಗಮೂಲ ಅಂತ ನಡ್ಕೊಂಡು ಬಂದಿದೆ, ಅದನ್ನ ಯಾಕೆ ಅಲ್ಲಾಡಿಸ್ಬೇಕು ಅಂತ ನಾನೂ ಅಂದ್ಕೊಂಡಿದ್ದೆ. ಈ ಲೆಕ್ಕ ಬರೋ ತನಕ.

ಒಬ್ಬ ವಿದ್ಯಾರ್ಥಿನಿ, ಜಗಳೂರು ಕಡೆಯೋಳು, ಪ್ರಾಜೆಕ್ಟಿಗೆ ಅಂತ ಮನೇಲಿ ಮಾಡಿದ್ದ ಸಾಲದ ಲೆಕ್ಕಾನೇ ತಂದ್ಲು. ಅಪ್ಪ 1,00,000 ತಗೊಂಡಿದ್ರು, ತಿಂಗಳಿಗೆ 9,000ದಂಗೆ ಹನ್ನೆರಡು ಕಂತು, ಒಟ್ಟು 1,08,000. ಕೊಟ್ಟೋರು "ವರ್ಷಕ್ಕೆ ಎಂಟೇ ಪರ್ಸೆಂಟು" ಅಂದಿದ್ರಂತೆ. ಆದ್ರೆ ಮೊದಲನೇ ತಿಂಗಳಿಂದಲೇ ಅಸಲು ಕರಗ್ತಾ ಹೋಗುತ್ತಲ್ಲ, ಲಕ್ಷ ರೂಪಾಯಿ ವರ್ಷಪೂರ್ತಿ ಕೈಲಿ ಇರಲ್ಲ, ಹಂಗಾಗಿ ನಿಜವಾದ ಬಡ್ಡಿ ಎಂಟಲ್ಲ. ಎಷ್ಟು ಅಂತ ಸೂತ್ರ ಹಾಕಿ ಒಂದೇ ಏಟಿಗೆ ತೆಗೆಯೋಕೆ ಬರಲ್ಲ, ಯಾಕಂದ್ರೆ ಬಡ್ಡಿ ದರ ಹನ್ನೆರಡನೇ ಘಾತದ ಒಳಗೂ ಕೂತಿದೆ ಛೇದದಲ್ಲೂ ಕೂತಿದೆ. ಒಂದು ದರ ಊಹಿಸಿ ಹಾಕು, ಹನ್ನೆರಡು ಕಂತಿನ ಇವತ್ತಿನ ಬೆಲೆ ಲಕ್ಷಕ್ಕಿಂತ ಜಾಸ್ತಿ ಬಂತಾ ಕಮ್ಮಿ ಬಂತಾ ನೋಡು, ಮತ್ತೆ ಹಾಕು. ಆರ್‌ನಲ್ಲಿ ಈ ಕೆಲಸಕ್ಕೆ ಯೂನಿರೂಟ್ ಅಂತ ಫಂಕ್ಷನ್ ಇದೆ. ಉತ್ತರ ತಿಂಗಳಿಗೆ 0.01204 ಹತ್ರ ಬಂತು. ನಮ್ಮ ಕಡೆ ಮಾತಲ್ಲಿ ನೂರಕ್ಕೆ ಒಂದು ರೂಪಾಯಿ ಇಪ್ಪತ್ತು ಪೈಸೆ ಬಡ್ಡಿ, ವರ್ಷಕ್ಕೆ ಹದಿನಾಲ್ಕೂವರೆ ಹತ್ತಿರ.

ಈಗ ಇದನ್ನ ಕನ್ನಡದಲ್ಲಿ ಬರೀರಿ ನೋಡೋಣ. ಮೂಲಧನ 1,00,000, ಇದು ಗೊತ್ತಿರೋದು. ‘ಮೂಲ’ 0.01204, ಇದು ಗೊತ್ತಿಲ್ಲದೆ ಹುಡುಕಿದ್ದು. ಒಂದೇ ಸಾಲಲ್ಲಿ ಎರಡು ಮೂಲ, ಒಂದು ಅಸಲು ಇನ್ನೊಂದು ಬಡ್ಡಿ! ಕ್ಲಾಸಲ್ಲಿ ಅರ್ಧ ಜನ "ಮೂಲ ಕಂಡುಹಿಡಿಯಿರಿ" ಅನ್ನೋದಕ್ಕೆ ಲಕ್ಷ ರೂಪಾಯಿ ಅಂತ ಬರೆದಿದ್ರು, ಮಾರ್ಕ್ಸ್ ಕಟ್ ಮಾಡೋಕೆ ಮನಸ್ಸು ಬರಲಿಲ್ಲ. ಇನ್ನು ಮೂಲ ಅಂತ ಬರೀಬರೀ ಹೇಳಿದ್ರೆ ಗೋಡೆ ಮೇಲಿನ ಮೂಲವ್ಯಾಧಿ ಜಾಹೀರಾತು ನೆನಪಾಗಿ ಹಿಂದಿನ ಬೆಂಚು ನಗುತ್ತೆ, ಅದು ಬೇರೆ ವಿಷ್ಯ. ನದಿ ಮೂಲ ಋಷಿ ಮೂಲ ಕೇಳಬಾರದು ಅಂತ ಗಾದೆ ಇಟ್ಕೊಂಡಿರೋ ಜನ ನಾವು, ಲ್ಯಾಬಲ್ಲಿ ಮಾತ್ರ ದಿನಾ ಮೂಲ ಹುಡುಕ್ರಪ್ಪ ಅಂತೀವಿ.

‘ಶೂನ್ಯತೆ’ ನಂಗೆ ಒಗ್ಗಲ್ಲ. ಶೂನ್ಯ ಅಂದ ತಕ್ಷಣ ಅಲ್ಲಮಪ್ರಭು ಶೂನ್ಯ ಸಿಂಹಾಸನದ ಕಡೆ ಮನಸ್ಸು ಹೋಗುತ್ತೆ, ಬಡ್ಡಿ ದರದ ಕಡೆ ಅಲ್ಲ. ಸರಿ ‘ಪರಿಹಾರ’ ಅಂತ ಬರೆದೆ, ಸಮೀಕರಣದ ಪರಿಹಾರ ಅಂತಾನೂ ಪುಸ್ತಕದಲ್ಲಿ ಇದೆಯಲ್ಲ. ದರನ ಎಲ್ಲಿಂದ ಎಲ್ಲೀತನಕ ಹುಡುಕ್ಬೇಕು ಅಂತ ಯೂನಿರೂಟಿಗೆ ಹೇಳ್ಬೇಕು, ಅದೇ ವಾರ ಆ ಹುಡುಗಿ ಕಡಿಮೆ ಮಿತಿಗೆ ಸೊನ್ನೆ ಕೊಟ್ಟುಬಿಟ್ಟಿದ್ಲು, ಬಡ್ಡಿ ಸೊನ್ನೆ ಆದ್ರೆ ಸೂತ್ರದಲ್ಲಿ ಸೊನ್ನೆಯಿಂದ ಭಾಗಿಸ್ದಂಗೆ ಆಗುತ್ತೆ, ಆರ್ ಅಲ್ಲೇ ನಿಂತ್ಕೊಳ್ತು. ರೆಕಾರ್ಡ್ ಬುಕ್ಕಲ್ಲಿ ದೊಡ್ಡದಾಗಿ "ಪರಿಹಾರ ಸಿಗಲಿಲ್ಲ" ಅಂತ ಬರೆದಿಟ್ಟಿದ್ಲು. ಅವರಪ್ಪ ಫೀಸ್ ಕಟ್ಟೋಕೆ ಬಂದಾಗ ಅದನ್ನ ಓದಿ ನನ್ನ ಹತ್ರ ಬಂದ್ರು. "ಯಾವ ಪರಿಹಾರ ಮೇಷ್ಟ್ರೇ, ಮೆಕ್ಕೆಜೋಳದ್ದಾ? ಲಿಸ್ಟ್ ಬಂದೈತಾ?"

ಬರ ಬಿದ್ದ ಕಡೆ ಪರಿಹಾರ ಅಂದ್ರೆ ಒಂದೇ ಅರ್ಥ, ನಂಗೆ ಮುಂಚೇನೇ ಹೊಳೀಬೇಕಿತ್ತು.

ಕೂರಿಸಿ ವಿವರಿಸಿದೆ. ಅವರು ಎರಡು ಎಕರೆ ಜಮೀನಿನ ಜೊತೆಗೆ ಎಪಿಎಂಸಿಯಲ್ಲಿ ಒಂದು ದಲ್ಲಾಳಿ ಅಂಗಡೀಲಿ ಲೆಕ್ಕ ಬರೀತಾರೆ, ಲೆಕ್ಕ ಅಂದ್ರೆ ನೀರು ಕುಡಿದಂಗೆ. ಪೂರ್ತಿ ಕೇಳಿ "ಅಂದ್ರೆ ಬಡ್ಡಿ ಎಷ್ಟು ಹಾಕಿದ್ರೆ ಲೆಕ್ಕ ತಾಳೆ ಬೀಳ್ತೈತೆ ಅಂತ ನೋಡದು, ಅಷ್ಟೇ ಅಲ್ವಾ" ಅಂದ್ರು. ಅಷ್ಟೇ. ನಾನು ಅರ್ಧ ಗಂಟೆ ಬೋರ್ಡ್ ಮೇಲೆ ಗೀಚೋದನ್ನ ಅವರು ಒಂದೇ ವಾಕ್ಯದಲ್ಲಿ ಹೇಳಿ ಎದ್ದುಹೋದ್ರು.

ಅವತ್ತಿಂದ ‘ತಾಳೆ’ ತಲೇಲಿ ಕೂತುಬಿಟ್ಟಿದೆ. ತಾಳೆ ನೋಡು, ತಾಳೆ ಆಗು, ತಾಳೆ ಬೀಳು, ಕ್ರಿಯಾಪದ ಎಲ್ಲಾ ರೆಡಿ ಇವೆ. ಎರರ್‌ಗಳೂ ಸಲೀಸಾಗಿ ಕನ್ನಡಕ್ಕೆ ಬರ್ತವೆ. ಯೂನಿರೂಟಿಗೆ ಎರಡು ಮಿತಿ ಕೊಡ್ಬೇಕು, ಒಂದು ತುದೀಲಿ ಲೆಕ್ಕ ಜಾಸ್ತಿ ಬರ್ಬೇಕು ಇನ್ನೊಂದು ತುದೀಲಿ ಕಮ್ಮಿ ಬರ್ಬೇಕು, ಎರಡೂ ಕಡೆ ಜಾಸ್ತೀನೇ ಬಂದ್ರೆ ಅದು ಕೆಲಸಾನೇ ಶುರು ಮಾಡಲ್ಲ. "ತಾಳೆ ಈ ಎರಡರ ಮಧ್ಯ ಇರೋ ಗುರುತು ಕಾಣ್ತಿಲ್ಲ" ಅಂತ ಬರೆದ್ರೆ ಯಾರಿಗೆ ಅರ್ಥ ಆಗಲ್ಲ ಹೇಳಿ. (ಆದ್ರೆ ತಾಳೆ ಇಲ್ಲ ಅಂತಲ್ಲ. ಎಕ್ಸ್ ಮೈನಸ್ 1 ಅನ್ನೋದರ ವರ್ಗ ತಗೊಂಡ್ರೆ 1ರ ಹತ್ರ ಸೊನ್ನೆನ ಮುಟ್ಟಿ ವಾಪಸ್ ಮೇಲಕ್ಕೆ ಹೋಗುತ್ತೆ, ಚಿಹ್ನೆ ಬದಲಾಗಲ್ಲ, ಯೂನಿರೂಟಿಗೆ ಅದು ಕಾಣಲ್ಲ.)

ಹುಡುಕೋ ವಿಧಾನಕ್ಕೂ ಊರಲ್ಲೇ ಉದಾಹರಣೆ ಸಿಕ್ತು. ಲೈನು ಹೋದಾಗ ನಮ್ಮ ಲೈನ್‌ಮನ್ ನೂರು ಕಂಬಾನೂ ಹತ್ತಲ್ಲ, ಮಧ್ಯದ ಕಂಬದ ಹತ್ರ ನೋಡ್ತಾನೆ, ಫಾಲ್ಟ್ ಆಚೆ ಇದ್ಯಾ ಈಚೆ ಇದ್ಯಾ ಗೊತ್ತಾದ್ರೆ ಅರ್ಧ ಬಿಟ್ಟುಬಿಡ್ತಾನೆ, ಉಳಿದ ಅರ್ಧದ ಮಧ್ಯಕ್ಕೆ ಹೋಗ್ತಾನೆ. ನೂರು ಕಂಬಕ್ಕೆ ಏಳು ಸಲ ನೋಡಿದ್ರೆ ಸಾಕು. ಬೈಸೆಕ್ಷನ್ ಅಂದ್ರೆ ಇದೇ. ಯೂನಿರೂಟ್ ಮಾಡೋದು ಬ್ರೆಂಟ್ ಅನ್ನೋರು 1973ರಲ್ಲಿ ಕೊಟ್ಟ ವಿಧಾನ, ಜೋರಾಗಿ ಹೋಗೋ ಚಾನ್ಸ್ ಸಿಕ್ಕಿದ್ರೆ ಜೋರಾಗಿ ಹೋಗುತ್ತೆ, ದಾರಿ ತಪ್ತಿದೆ ಅನಿಸಿದ್ರೆ ಅರ್ಧ ಅರ್ಧ ಮಾಡೋದಕ್ಕೆ ವಾಪಸ್ ಬರುತ್ತೆ. ಇಲ್ಲಿ ಇನ್ನೊಂದು ಗಮನಿಸ್ಬೇಕಾದ್ದು, ನಾವೇನೂ ಹೇಳದೇ ಇದ್ರೆ ಅದು 0.00012 ಆಸುಪಾಸು ಹತ್ರ ಬಂದ್ರೆ ಸಾಕು ಅಂತ ನಿಲ್ಲಿಸಿಬಿಡುತ್ತೆ. ಬೇರೆ ಲೆಕ್ಕಕ್ಕೆ ಅದು ಪರವಾಗಿಲ್ಲ, ಆದ್ರೆ ಉತ್ತರಾನೇ 0.012 ಇರೋವಾಗ ನೂರಕ್ಕೆ ಒಂದರಷ್ಟು ಆಚೀಚೆ ಆಗಬಹುದು, ಅದಕ್ಕೆ ‘ಟಾಲ್’ ಅನ್ನೋದನ್ನ ನಾವೇ ಸಣ್ಣದು ಮಾಡಿ ಕೊಡ್ಬೇಕು. ಟಾಲರೆನ್ಸಿಗೆ ‘ಸಹಿಷ್ಣುತೆ’ ಅಂತ ನಿಘಂಟಲ್ಲಿದೆ, ಧರ್ಮಸಭೆ ಭಾಷಣದ ಪದ ಅದು, ನಾನು ‘ಆಚೀಚೆ’ ಅಂತ ಬರೆದಿದೀನಿ. ಎಷ್ಟು ಆಚೀಚೆ ಆದ್ರೆ ನಡೆಯುತ್ತೆ ಅಂತ ನಾವು ಅಂಗಡೀಲಿ ಕೇಳಲ್ವಾ.

ತಾಳೆಗೆ ತೊಂದರೆ ಇಲ್ಲ ಅಂತಲ್ಲ. ಬಹುವಚನ ಮಾಡಿದ್ರೆ ‘ತಾಳೆಗಳು’ ತಾಳೆ ಮರದ ಸಾಲಾಗುತ್ತೆ, ‘ತಾಳೆ ಬೆಲೆ’ ಅಂದ್ರೆ ಎಣ್ಣೆ ರೇಟು ಅಂದ್ಕೋತಾರೆ. ವರ್ಗ ಸಮೀಕರಣಕ್ಕೆ ಎರಡು ಉತ್ತರ ಬಂದಾಗ "ಎರಡು ಕಡೆ ತಾಳೆ ಬೀಳುತ್ತೆ" ಅಂತ ವಾಕ್ಯ ತಿರುಗಿಸಿ ಬರೀಬೇಕು. ಅದೇನು ದೊಡ್ಡ ಕಷ್ಟ ಅಲ್ಲ, ಕನ್ನಡದಲ್ಲಿ ನಾಮಪದಕ್ಕಿಂತ ಕ್ರಿಯಾಪದಾನೇ ಜಾಸ್ತಿ ಕೆಲಸ ಮಾಡೋದು ಅಂತ ನನ್ನ ಅಭಿಪ್ರಾಯ.

ಎರಡನೇದು ಮ್ಯಾಟ್ರಿಕ್ಸ್, ಅಂದ್ರೆ ಅಂಕಿಗಳನ್ನ ಸಾಲುಸಾಲಾಗಿ ಜೋಡಿಸಿದ ಚೌಕಟ್ಟು. ‘ಮಾತೃಕೆ’ಗೆ ನನ್ನ ತಕರಾರಿಲ್ಲ, 1850ರಲ್ಲಿ ಸಿಲ್ವೆಸ್ಟರ್ ಈ ಹೆಸರಿಟ್ಟಾಗ ಲ್ಯಾಟಿನಲ್ಲಿ ಗರ್ಭ ಅನ್ನೋ ಅರ್ಥದ ಪದಾನೇ ತಗೊಂಡಿದ್ದು, ನಮ್ಮೋರು ಹುಷಾರಾಗಿ ಅನುವಾದ ಮಾಡಿದಾರೆ. ಅಡ್ಡಸಾಲು ಕಂಬಸಾಲು ಕೂಡ ಚೆಂದ ಇವೆ. ತೊಂದರೆ ಬಂದಿದ್ದು ‘ಸಿಂಗುಲರ್’ಗೆ. ಆರ್‌ನಲ್ಲಿ ಸಾಲ್ವ್ ಅಂತ ಫಂಕ್ಷನ್ನು, ಏಕಕಾಲಿಕ ಸಮೀಕರಣ ಬಿಡಿಸುತ್ತೆ, ಒಮ್ಮೊಮ್ಮೆ ಸಿಸ್ಟಮ್ ಈಸ್ ಎಕ್ಸಾಕ್ಟ್ಲಿ ಸಿಂಗುಲರ್ ಅಂತ ಬೈಯುತ್ತೆ. ಒಬ್ಬ ಹುಡುಗ ಮೊಬೈಲಲ್ಲಿ ಅನುವಾದ ಮಾಡ್ಕೊಂಡು ಬಂದಿದ್ದ: "ವ್ಯವಸ್ಥೆಯು ನಿಖರವಾಗಿ ಏಕವಚನವಾಗಿದೆ."

"ಅಂದ್ರೆ ಕಂಪ್ಯೂಟ್ರು ನಮಗೆ ಹೋಗೋ ಬಾರೋ ಅಂತೈತಾ ಸಾರ್?"

ನಗು ಮುಗಿದ ಮೇಲೆ ಮಂಡಕ್ಕಿ ಅಂಗಡಿ ಲೆಕ್ಕ ಹೇಳಿದೆ. ನಿನ್ನೆ ಎರಡು ಪ್ಲೇಟ್ ಮಂಡಕ್ಕಿ ನಾಲ್ಕು ಮಿರ್ಚಿ ತಿಂದ್ರಿ, ಬಿಲ್ಲು 100. ಇವತ್ತು ಒಂದು ಪ್ಲೇಟ್ ಮಂಡಕ್ಕಿ ಎರಡು ಮಿರ್ಚಿ, ಬಿಲ್ಲು 50. ಒಂದೊಂದರ ರೇಟು ಹೇಳ್ರಿ. ಮಂಡಕ್ಕಿ 30 ಮಿರ್ಚಿ 10 ಅಂದ್ರೂ ಸರಿ, ಮಂಡಕ್ಕಿ 20 ಮಿರ್ಚಿ 15 ಅಂದ್ರೂ ಸರಿ. ಬಿಲ್ಲು ಎರಡಿದ್ರೂ ವಿಷಯ ಒಂದೇ, ಎರಡನೇ ಬಿಲ್ಲಲ್ಲಿ ಹೊಸದೇನೂ ಇಲ್ಲ. ಇವತ್ತಿನ ಬಿಲ್ಲು 60 ಆಗಿದ್ರೆ ಯಾವ ರೇಟೂ ಹೊಂದ್ತಿರಲಿಲ್ಲ. ಎರಡು ಸಂದರ್ಭದಲ್ಲೂ ಮಾತೃಕೆ ಅದೇ (ಮೇಲಿನ ಸಾಲಲ್ಲಿ 2, 4, ಕೆಳಗೆ 1, 2), ಸಿಂಗುಲರ್, ಅಂದ್ರೆ ಇದೊಂದೇ ಉತ್ತರ ಅಂತ ಹೇಳೋಕೆ ಬರಲ್ಲ.

ಪಾಠದಲ್ಲಿ ಇದು ಇನ್ನೊಂದು ರೂಪದಲ್ಲಿ ದಿನಾ ಬರುತ್ತೆ. ಹರಿಹರ, ಹೊನ್ನಾಳಿ, ಜಗಳೂರು ಮೂರು ತಾಲ್ಲೂಕಿಗೂ ಒಂದೊಂದು 0-1 ಕಂಬಸಾಲು (ಆ ತಾಲ್ಲೂಕಿನೋರಾದ್ರೆ 1, ಇಲ್ಲಾಂದ್ರೆ 0) ಹಾಕಿ, ಪಕ್ಕದಲ್ಲಿ ಬರೀ ಒಂದುಗಳ ಕಂಬಸಾಲೂ ಇಟ್ರೆ, ಮೊದಲ ಮೂರನ್ನ ಕೂಡಿದ್ರೆ ನಾಲ್ಕನೇದೇ ಬರುತ್ತೆ. ಆರ್‌ನಲ್ಲಿ ರಿಗ್ರೆಷನ್ ಲೆಕ್ಕ ಮಾಡೋ ಎಲ್‌ಎಮ್ ಫಂಕ್ಷನ್ ಇದನ್ನ ಕಂಡ್ರೆ ಒಂದನ್ನ ಸದ್ದಿಲ್ಲದೆ ಬಿಟ್ಟು ಅದರ ಮುಂದೆ ಎನ್‌ಎ (ಬೆಲೆ ಇಲ್ಲ) ಅಂತ ಬರೆಯುತ್ತೆ, ನಾವೇ ಕೈಯಾರೆ ಸಾಲ್ವ್ ಮಾಡೋಕೆ ಹೋದ್ರೆ ಬೈಸ್ಕೋತೀವಿ.

ಹಂಗಾದ್ರೆ ಪದ ಏನು? ಸ್ಟಾಫ್ ರೂಮಲ್ಲಿ ಒಬ್ರು ‘ಗೊಡ್ಡು ಮಾತೃಕೆ’ ಅಂದ್ರು, ಗೊಡ್ಡು ಎಮ್ಮೆ ಇದ್ದಂಗೆ, ವಿಲೋಮ (ಗುಣಿಸಿದ್ದನ್ನ ವಾಪಸ್ ಬಿಡಿಸೋ ಇನ್ನೊಂದು ಮಾತೃಕೆ) ಹುಟ್ಟಲ್ಲ ಅಂತ. ಮಾತೃಕೆ ಅಂತ ತಾಯಿ ಹೆಸರಿಟ್ಟು ಅದಕ್ಕೆ ಗೊಡ್ಡು ಅನ್ನೋದು ಹೆಣ್ಣುಮಕ್ಕಳೇ ಜಾಸ್ತಿ ಇರೋ ಕ್ಲಾಸಲ್ಲಿ ಬೇಡ ಅಂತ ಪಕ್ಕದ ಮೇಡಂ ಅಲ್ಲೇ ಕಟ್ ಮಾಡಿದ್ರು, ನಾನೂ ಅವರ ಕಡೇನೇ. ‘ಕಗ್ಗಂಟು’ ಅಂತ ನಾನು ಹೇಳಿದೆ, ಲೆಕ್ಕ ಬಿಡಿಸು ಅಂತೀವಲ್ಲ, ಗಂಟನ್ನೂ ಬಿಡಿಸ್ತೀವಿ, ಜೋಡಿ ಚೆನ್ನಾಗಿದೆ ಅಂತ. ಮನೆಗೆ ಬಂದು ಯೋಚ್ನೆ ಮಾಡಿದ್ರೆ ಅರ್ಥ ಉಲ್ಟಾ. ಕಗ್ಗಂಟಲ್ಲಿ ದಾರ ಬಹಳ ಸುತ್ಕೊಂಡಿರುತ್ತೆ, ಇಲ್ಲಿ ದಾರಾನೇ ಸಾಲದು.

ಆಮೇಲೆ ಸಿಕ್ಕಿದ್ದು ‘ಜೊಳ್ಳು’. ನೋಡೋಕೆ ಭತ್ತಾನೇ, ಒಳಗೆ ಅಕ್ಕಿ ಇಲ್ಲ. ಸಾಲ್ವ್ ಒಳಗೆ ನಡೆಯೋದೂ ತೂರೋ ಕೆಲಸಾನೇ, ಒಂದು ಸಾಲಿಂದ ಇನ್ನೊಂದು ಸಾಲಿನಷ್ಟನ್ನ ಕಳೀತಾ ಹೋಗ್ತಾರೆ, ಮಂಡಕ್ಕಿ ಬಿಲ್ಲಲ್ಲಿ ಮೊದಲ ಸಾಲಿನ ಅರ್ಧ ಕಳೆದ್ರೆ ಎರಡನೇ ಸಾಲು ಪೂರ್ತಿ ಸೊನ್ನೆ, ಹಾರಿಹೋಯ್ತು. ಜೊಳ್ಳು ಸಾಲು. ಅದಿರೋ ಮಾತೃಕೆ ಜೊಳ್ಳು ಮಾತೃಕೆ. ತೂರಿದ ಮೇಲೆ ಉಳಿಯೋ ಗಟ್ಟಿ ಕಾಳು ಎಷ್ಟೋ ಅದೇ ರ‍್ಯಾಂಕು. ಹೊಂದ್ಕೊಂಡು ಬಂತು ಅನಿಸ್ತು, ಅಷ್ಟು ಹೊಂದ್ಕೊಂಡ್ರೆ ನಂಗೆ ಸ್ವಲ್ಪ ಅನುಮಾನಾನೂ ಬರುತ್ತೆ, ಅದಕ್ಕೇ ಇಲ್ಲಿ ಕೇಳ್ತಿರೋದು.

ಇನ್ನೊಂದು ಜಾತಿ ಇದೆ, ಪೂರ್ತಿ ಜೊಳ್ಳಲ್ಲ, ಗಟ್ಟೀನೂ ಅಲ್ಲ. 1, ಅರ್ಧ, ಮೂರನೇ ಒಂದು ಅಂತ ಭಿನ್ನರಾಶಿ ತುಂಬಿದ ಹಿಲ್ಬರ್ಟ್ ಮಾತೃಕೆ ಹತ್ತಕ್ಕೆ ಹತ್ತು ಮಾಡಿದ್ರೆ ಲೆಕ್ಕದ ಪ್ರಕಾರ ವಿಲೋಮ ಇದೆ, ಆದ್ರೆ ಕಂಪ್ಯೂಟರ್ ಇಟ್ಕೊಳ್ಳೋ ಸುಮಾರು ಹದಿನಾರು ಅಂಕಿಯಲ್ಲಿ ಹದಿಮೂರರಷ್ಟು ಕೆಟ್ಟುಹೋಗಬಹುದು. ಇದಕ್ಕೆ ‘ಬಡಕಲು ಮಾತೃಕೆ’ ಅಂತ ಬರೆದಿದೀನಿ, ಇದೊಂದು ಯಾರಿಗೂ ಇಷ್ಟ ಆಗಿಲ್ಲ.

ಹಂಗಾಗಿ ಬಲ್ಲವರು ತಿಳಿಸಿ. ‘ತಾಳೆ ಬೀಳು’ ಮೈಸೂರು, ಮಂಗಳೂರು, ಧಾರವಾಡದ ಕಡೆ ಬಳಕೇಲಿದ್ಯಾ, ಅಥವಾ ಇದು ನಮ್ಮ ಎಪಿಎಂಸಿ ಮಾತಾ? ಜೊಳ್ಳು, ಪೊಳ್ಳು, ಟೊಳ್ಳು ಇವುಗಳಲ್ಲಿ ಕಾಳಿಗೆ ಯಾವುದು, ಮರಕ್ಕೆ ಯಾವುದು, ಮಾತಿಗೆ ಯಾವುದು? ನಮ್ಮಲ್ಲಿ ಟೊಳ್ಳು ಅಂದ್ರೆ ಮರ, ಜೊಳ್ಳು ಅಂದ್ರೆ ಭತ್ತ ರಾಗಿ, ಪೊಳ್ಳು ಅಂದ್ರೆ ಭರವಸೆ. ಸಿಂಗುಲರಿಗೆ ಹಳೇ ಗಣಿತ ಪುಸ್ತಕದಲ್ಲಿ ಯಾರಾದ್ರೂ ಬೇರೆ ಪದ ನೋಡಿದ್ರೆ ಅದನ್ನೂ ಹೇಳಿ, ಇದ್ದಿದ್ದನ್ನ ಬಿಟ್ಟು ಹೊಸದು ಹೇರೋ ಆಸೆ ಇಲ್ಲ.

ಸೋಮವಾರ ಜೆರಾಕ್ಸಿಗೆ ಕೊಡ್ಬೇಕು. ಅಲ್ಲಿ ತನಕ ಎರಡನೇ ಪುಟದಲ್ಲಿ ಎರಡು ಕಡೆ ಖಾಲಿ ಬಿಟ್ಟಿದೀನಿ.