ಕೃತಕ ಕಣ್ಣು: ಎಷ್ಟು ತೊಳೆದರೂ ಗೀಜು ನಿಲ್ಲುತ್ತಿಲ್ಲ

ಎಡಗಣ್ಣು: ಸಾಕಾಗಿಹೋಗಿದೆ. ಬೆಳಗ್ಗೆ ರೆಪ್ಪೆ ಅಂಟಿಕೊಂಡಿರುತ್ತೆ, ಮಧ್ಯಾಹ್ನದೊಳಗೆ ಮೂಲೆಯಲ್ಲಿ ಮತ್ತೆ ಬಿಳಿ ದಾರದಂಥ ಗೀಜು. ಆ್ಯಂಟಿಬಯಾಟಿಕ್ ಡ್ರಾಪ್ಸ್ ಎರಡು ಬಾಟಲ್ ಖಾಲಿ. ಕ್ಲೀನಿಂಗ್‌ನಲ್ಲಿ ಏನೂ ಕಮ್ಮಿ ಮಾಡಿಲ್ಲ. ಇನ್ನೇನು ಮಾಡಲಿ?

ರೆಪ್ಪೆಪಟ್ಟಿ: ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚಲ್ಲ, ಅಷ್ಟೇ. ಸಣ್ಣ ಸಂದಿ ಉಳಿದರೂ ಚಿಪ್ಪಿನ, ಅಂದರೆ ಕೃತಕ ಕಣ್ಣಿನ, ಮುಂಭಾಗ ಒಣಗುತ್ತೆ. ಒಣಗಿದ ಕಡೆ ಪ್ರೋಟೀನ್ ಪದರ ಕೂರುತ್ತೆ, ರೆಪ್ಪೆ ಅದಕ್ಕೆ ಉಜ್ಜಿದಷ್ಟೂ ಲೋಳೆ ಜಾಸ್ತಿ. ಮಲಗಿದಾಗ ಮನೆಯವರಿಂದ ಒಂದು ಫೋಟೊ ತೆಗೆಸಿ ಹಾಕಿ.

ಸಾಣೆ: ಅದಕ್ಕೂ ಮೊದಲು ಇವಿಷ್ಟು ಹೇಳಿ ಸರ್. ಸಾಕೆಟ್ (ಕಣ್ಣಿನ ಗುಳಿ) ಅಚ್ಚು ತೆಗೆದು ಮಾಡಿಸಿದ್ದಾ, ರೆಡಿಮೇಡಾ? ಕೊನೇ ಪಾಲಿಶ್ ಯಾವಾಗ? ಎಷ್ಟು ದಿನಕ್ಕೊಮ್ಮೆ ತೆಗೀತೀರಿ, ಯಾತರಲ್ಲಿ ತೊಳೀತೀರಿ?

ಎಡಗಣ್ಣು: ಅಕ್ರಿಲಿಕ್ ಪ್ಲಾಸ್ಟಿಕ್ಕು, ಅಚ್ಚು ತೆಗೆದೇ ಮಾಡಿದ್ದು. ರೆಪ್ಪೆ ಸರಿಯಾಗೇ ಮುಚ್ಚುತ್ತೆ.

ರೆಪ್ಪೆಪಟ್ಟಿ: ಎಲ್ಲರೂ ಹಾಗೇ ಅಂದ್ಕೊಂಡಿರ್ತಾರೆ. ಫೋಟೊ?

ಗಾಜುಗಣ್ಣ: ಅಕ್ರಿಲಿಕ್ ಅಂದರೆ ಇದೇ ಗೋಳು. ಕ್ರಯೊಲೈಟ್ ಖನಿಜ ಬೆರೆತ ಗಾಜಿನದಕ್ಕೆ ಹೋಗಿ. ಕಣ್ಣೀರು ಅದರ ಮೇಲೆ ಒಂದೇ ಸಮ ಹರಡುತ್ತೆ.

ಸಾಣೆ: ಹರಡುತ್ತೆ, ಒಪ್ಪಿದೆ. ಒಂದೆರಡು ವರ್ಷದಲ್ಲಿ ಅದೇ ಕಣ್ಣೀರು ಗಾಜಿನ ಮೈಯನ್ನು ತಿನ್ನುತ್ತೆ, ಆಗ ಹೊಸದೇ ಬೇಕು. ಪಾಲಿಶ್ ಹೊಡೆಯೋ ಹಾಗಿಲ್ಲ, ಅಂಚು ಸವರೋ ಹಾಗಿಲ್ಲ. ಸಿಂಕ್‌ಗೆ ಬಿದ್ದರೆ ಚೂರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಗಾಜು ಬರೋದು ನಿಂತಾಗ ದಂತ ತಂತ್ರಜ್ಞರು ಅಕ್ರಿಲಿಕ್ ಹಿಡಿದರು, ಆಮೇಲೆ ಹೆಚ್ಚಿನ ದೇಶದವರು ಗಾಜಿಗೆ ಮರಳಲಿಲ್ಲ.

ಗಾಜುಗಣ್ಣ: ಜರ್ಮನಿಯಲ್ಲಿ ಇವತ್ತಿಗೂ ಗಾಜೇ ಓಡ್ತಿದೆ ಸ್ವಾಮಿ.

ಮೂರುಡಬ್ಬಿ: ಇಲ್ಲಿನ ಕಿಟ್: ಚಿಪ್ಪು ತೆಗೆಯೋ ಸಕ್ಷನ್ ಕಪ್ ಎರಡು, ಸಲೈನ್, ಸಿಲಿಕೋನ್ ಎಣ್ಣೆ ಡ್ರಾಪ್ಸ್, ಸಂಜೆಗೆಂದೇ ಪಾಪೆ ದೊಡ್ಡದು ಬರೆಸಿದ ಇನ್ನೊಂದು ಕಣ್ಣು. ಎಲ್ಲಕ್ಕೂ ಬೇರೆ ಬೇರೆ ಬಣ್ಣದ ಡಬ್ಬಿ.

ಸಾಣೆ: ಡಬ್ಬಿ ಪ್ರದರ್ಶನಕ್ಕೆ ಬೇರೆ ಥ್ರೆಡ್ ಇದೆ ಗುರು. @ಎಡಗಣ್ಣು, ಯಾತರಲ್ಲಿ ತೊಳೀತೀರಿ ಅಂತ ಹೇಳಲೇ ಇಲ್ಲ.

ಎಡಗಣ್ಣು: ದಿನಾ ಎರಡು ಸಲ ತೆಗೆದು, ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಕುದಿಸಿದ ನೀರಲ್ಲಿ ಅದ್ದಿ ಹಾಕ್ಕೊಳ್ತೀನಿ. ಎಲ್ಲರೂ ಮಾಡೋದೇ ತಾನೇ?

ಸಾಣೆ: ಅಲ್ಲೇ ಇರೋದು ಎಡವಟ್ಟು. ಚಿಪ್ಪನ್ನು ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿ. ಜೇಡರ ಬಲೆಯಂಥ ಸಣ್ಣ ಗೆರೆ ಕಾಣುತ್ತಾ?

ಎಡಗಣ್ಣು: ಕಾಣುತ್ತೆ. ಕಪ್ಪು ಪಾಪೆಯ ಮೇಲಂತೂ ಒಡೆದ ಸ್ಲೇಟಿನ ಹಾಗಿದೆ.

ಸಾಣೆ: ಸ್ಪಿರಿಟ್ ತಾಗಿದರೆ ಅಕ್ರಿಲಿಕ್ ಹೀಗೆ ಕೂದಲೆಳೆಯಷ್ಟು ಬಿರಿಯುತ್ತೆ. ಗೀಜು ಆ ಬಿರುಕಲ್ಲಿ ಕೂತರೆ ತೊಳೆದರೂ ಹೋಗಲ್ಲ, ಒರಟು ಮೈ ರೆಪ್ಪೆಯ ಒಳಮೈಯನ್ನು ದಿನವಿಡೀ ಕೆರೆಯುತ್ತೆ. ಕುದಿನೀರು ಆಕಾರ ಕೆಡಿಸುತ್ತೆ. ಸ್ಯಾನಿಟೈಜರ್, ಟೂತ್‌ಪೇಸ್ಟ್ ಕೂಡ ಬೇಡ.

ಕೃತಕ ಕಣ್ಣು ಮಾಡೋ ಆಕ್ಯುಲರಿಸ್ಟ್ ಹತ್ತಿರ ಒಯ್ಯಿರಿ. ಮೇಲ್ಮೈ ಬಿರುಕಾದರೆ ಪಾಲಿಶ್‌ನಲ್ಲಿ ಹೋಗುತ್ತೆ, ಆಳಕ್ಕಿಳಿದಿದ್ದರೆ ಹೊಸದು. ಮನೆಯಲ್ಲಿ ಉಜ್ಜು ಕಾಗದ ಹಿಡಿಯಬೇಡಿ. ಎಲ್ಲ ಸರಿಯಿದ್ದರೂ ವರ್ಷಕ್ಕೊಮ್ಮೆಯಾದರೂ ಪಾಲಿಶ್ ಬೇಕು.

ಆಮೇಲೆ ದಿನಾ ತೆಗೆಯೋದು ಬಿಡಿ. ಪ್ರತಿ ಸಲ ತೆಗೆದಾಗಲೂ ಸಾಕೆಟ್ ಕೆರಳುತ್ತೆ, ಅದಕ್ಕೇ ಇನ್ನಷ್ಟು ಲೋಳೆ. ಹಿತವಾಗಿದ್ದರೆ ತಿಂಗಳಿಗೊಮ್ಮೆ ಸಾಕು. ಕೈ ತೊಳೆದು, ಸಿಂಕ್ ತೂತು ಮುಚ್ಚಿ, ಕೆಳಗೆ ಟವೆಲ್ ಹಾಸಿ. ಮೇಲೆ ನೋಡ್ತಾ ಕೆಳರೆಪ್ಪೆ ಎಳೆದರೆ ಚಿಪ್ಪಿನ ಕೆಳಅಂಚು ಹೊರಗೆ ಜಾರುತ್ತೆ. ವಾಸನೆಯಿಲ್ಲದ ಮೆದು ಸೋಪು, ಉಗುರುಬೆಚ್ಚಗಿನ ನೀರು, ಬೆರಳ ತುದಿ, ಅಷ್ಟೇ. ಸೋಪು ಪೂರ್ತಿ ಹೋಗೋವರೆಗೆ ತೊಳೆಯಿರಿ. ಹಾಕುವಾಗ ಮೇಲಂಚು ಮೊದಲು. ತೆಗೆದಿಟ್ಟು ದಿನಗಟ್ಟಲೆ ಬಿಟ್ಟರೆ ಸಾಕೆಟ್ ಕುಗ್ಗಿ ಚಿಪ್ಪು ಹಿಡಿಯಲ್ಲ. ಮಧ್ಯೆ ಗೀಜು ಬಂದರೆ ಕಣ್ಣು ಮುಚ್ಚಿ ಹೊರಮೂಲೆಯಿಂದ ಮೂಗಿನ ಕಡೆಗೆ ಒರೆಸಿ. ಉಲ್ಟಾ ಎಳೆದರೆ ಚಿಪ್ಪು ತಿರುಗುತ್ತೆ, ಒಮ್ಮೊಮ್ಮೆ ಕೈಗೇ ಬರುತ್ತೆ.

ಮೂರುಡಬ್ಬಿ: ಸೋಪಲ್ಲ, ಬೇಬಿ ಶಾಂಪೂ.

ಸಾಣೆ: ಯಾವುದಾದರೂ ಸರಿ, ಉಳಿಯಬಾರದು ಅಷ್ಟೇ. ಗೀಜು ಹಳದಿ, ಹಸಿರಾದರೆ, ರಕ್ತ, ನೋವು ಇದ್ದರೆ ಅಥವಾ ಚಿಪ್ಪು ತೆಗೆದಾಗ ಒಳಗಿನ ಇಂಪ್ಲಾಂಟ್ (ಆಪರೇಷನ್‌ನಲ್ಲಿ ಇಟ್ಟ ಗುಂಡು) ಬೆಳ್ಳಗೆ ಇಣುಕಿದರೆ, ಇಲ್ಲಿ ಕೇಳ್ತಾ ಕೂರಬೇಡಿ, ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಮೇಲ್ರೆಪ್ಪೆ ಮಗುಚಿ ಒಳಗೆ ಗುಳ್ಳೆ ಎದ್ದಿದೆಯಾ ಅಂತ ಹೇಗೂ ತೋರಿಸಿ.

ಎಡಗಣ್ಣು: ಪಾಲಿಶ್ ಆಗಿ ಮೂರು ವಾರ. ಡಾಕ್ಟರ್ ನೋಡಿದರು, ಗುಳ್ಳೆ ಇಲ್ಲ. ಹಗಲಿನ ದಾರ ನಿಂತಿದೆ. ಬೆಳಗಿನ ಅಂಟು ಮಾತ್ರ ಹಾಗೇ ಇದೆ. ಫೋಟೊನೂ ತೆಗೆಸಿದೆ. ಕೆಳರೆಪ್ಪೆ ಮೇಲೆ ಬಿಳಿ ಗೆರೆಯಷ್ಟು ಚಿಪ್ಪು ಕಾಣ್ತಿದೆ.

ರೆಪ್ಪೆಪಟ್ಟಿ: ನಾನೇನಂದಿದ್ದೆ! ಮಲಗೋ ಮುಂಚೆ ಕಣ್ಣಿಗೆ ಹಾಕುವ ಲೂಬ್ರಿಕೆಂಟ್ ಮುಲಾಮು ಕೆಳರೆಪ್ಪೆಯೊಳಗೆ ಸ್ವಲ್ಪ ಹಚ್ಚಿ. ಆಗಲೂ ಅಂಟಿದರೆ ಚಿಪ್ಪಿನ ಮುಂದಿನ ಉಬ್ಬು ಇಳಿಸೋಕಾಗುತ್ತಾ ಅಂತ ಆಕ್ಯುಲರಿಸ್ಟ್‌ನ ಕೇಳಿ.

ಗಾಜುಗಣ್ಣ: ಗಾಜಾಗಿದ್ದರೆ…