ಸಹಾಯ ಬೇಕು: ಹಾಳುಬಿದ್ದ ಹಿತ್ತಲಲ್ಲಿ ತರಕಾರಿ ಬೆಳೆಯಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ. ಅಜ್ಜಿ ಹೋದ ಮೇಲೆ ಮನೆ ಹಿಂದಿನ 20-30 ಅಡಿ ಜಾಗ ಆರು ವರ್ಷ ಹಾಗೇ ಬಿದ್ದಿತ್ತು. ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆದಿತ್ತು. ಹೂ ಬಿಡುವ ಮುಂಚೆ ಎರಡು ಭಾನುವಾರ ಕೂತು ಕಿತ್ತು ಹಾಕಿದೆ. ಅದು ಮುಗಿಯಿತು.

ನಿಜವಾದ ತಲೆನೋವು ಜೇಕು. ಎಳೆದರೆ ಹುಲ್ಲು ಮಾತ್ರ ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ವಾರದಲ್ಲಿ ಮತ್ತೆ ಹಸಿರು. ಗುದ್ದಲಿಯಿಂದ ಅಗೆದು ನೋಡಿದೆ. ದಾರದಂಥ ಬೇರಿನಲ್ಲಿ ನಾಲ್ಕೈದು ಕಪ್ಪು ಗಡ್ಡೆ ಪೋಣಿಸಿದ ಹಾಗಿತ್ತು! ಪಕ್ಕದ ಮನೆಯವರು ಔಷಧಿ ಹೊಡಿ ಅಂತಾರೆ. ತಿನ್ನೋ ಸೊಪ್ಪು ಬೆಳೆಯುವ ಜಾಗ, ನನಗೆ ಮನಸ್ಸಿಲ್ಲ. ಬೇಸಿಗೆಯಲ್ಲಿ ಮಣ್ಣು ಮಗುಚಿ ಬಿಸಿಲಿಗೆ ಬಿಟ್ಟರೆ ಸಾಯುತ್ತದಾ? ಮಾಡಿ ನೋಡಿದವರು ಹೇಳಿ.

ಮಣ್ಣು ನಮ್ಮ ಕಡೆಯ ಕೆಂಪು ಮಣ್ಣೇ. ನೀರು ಹಾಕಿ ಒಣಗಿದರೆ ಮೇಲೆ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಸುಮ್ನೆ ಒಂದು ಹಿಡಿ ಮೆಂತ್ಯ ಚೆಲ್ಲಿದ್ದೆ. ಮೊಳಕೆಗಳು ಆ ಹಪ್ಪಳವನ್ನು ತಲೆ ಮೇಲೆ ಹೊತ್ತು ನಿಂತಿದ್ದವು, ಪಾಪ. ತಿಪ್ಪೆ ಗೊಬ್ಬರ ಕೇಳಿದರೆ ಒಬ್ಬರು ಹಸಿ ಸಗಣಿಯನ್ನೇ ಸುರಿದು ದುಡ್ಡು ತಗೊಂಡು ಹೋದರು. ಅದು ಕಳಿಯೋಕೆ ಎಷ್ಟು ತಿಂಗಳು ಬೇಕು? ಬೇಗ ಆಗಲು ಏನಾದರೂ ಬೆರೆಸಬೇಕಾ?

ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಷ್ಟು ಚಿಕ್ಕ ಜಾಗದ ಮಣ್ಣನ್ನೂ ಪರೀಕ್ಷೆ ಮಾಡಿಕೊಡ್ತಾರಾ?

ಮೊದಲು ದಂಟು, ಬೆಂಡೆ, ಅವರೆ ಸಾಕು ಅಂದುಕೊಂಡಿದ್ದೇನೆ. ಟೊಮೆಟೊ ಎರಡು ಸಲ ಕುಂಡದಲ್ಲಿಟ್ಟೆ, ಎರಡೂ ಸಲ ಎಲೆ ಮುದುರಿ ಹೋಯಿತು. ಕೋಲಾರದವನಿಗೆ ಟೊಮೆಟೊ ಬರಲ್ಲ ಅಂತ ನಗಬೇಡಿ. ಬೇಕಿದ್ದರೆ ಜಾಗದ ಫೋಟೊ ಹಾಕುತ್ತೇನೆ.